ಧೂಳಮ್ಮನ ಖಾಲಿ ಟ್ಯೂಬು

ಅವರಿಗೆ ಧೂಳಮ್ಮ ಎಂದು ಅಡ್ಡಹೆಸರಿಟ್ಟವಳು ನಾನೇ. ಮನುಷ್ಯರ, ಪ್ರಾಣಿಗಳ ಮೈಯಲ್ಲಿ ಸೇರಿಕೊಂಡ ಲೋಹವನ್ನು ಅಳೆಯುವ ಲ್ಯಾಬು ನಮ್ಮದು. ಮಕ್ಕಳ ರಕ್ತದಲ್ಲಿ ಸೀಸ, ಸತ್ತ ಹಸುವಿನ ಲಿವರಿನಲ್ಲಿ ತಾಮ್ರ, ಹೀಗೆ. ಹೊರಗಿನ ಧೂಳು ಒಂದು ಕಣ ಬಿದ್ದರೂ ಅಳತೆ ಕೆಡುತ್ತದೆ. ಹಿರಿಯ ತಂತ್ರಜ್ಞೆಯಾದ ಧೂಳಮ್ಮನಿಗೆ ಮೊಸರಲ್ಲೂ ಕಲ್ಲು ಹುಡುಕುವ ಬುದ್ಧಿ. ನನ್ನ ಉಂಗುರ ಬಿಚ್ಚಿಸಿದರು, ಪೌಡರು ಬಿಡಿಸಿದರು, ಕೊನೆಗೆ ಕೂದಲಿಗೆ ಬಣ್ಣ ಹಚ್ಚುವುದನ್ನೂ ನಿಲ್ಲಿಸಿ ನನ್ನ ವಯಸ್ಸನ್ನು ಊರಿಗೆಲ್ಲ ಸಾರಿದರು. ಆ ಸಿಟ್ಟು ನನಗಿನ್ನೂ ಇದೆ.

ಅವರ ಜೀವವೆಲ್ಲ ಖಾಲಿ ಟ್ಯೂಬಿನಲ್ಲಿತ್ತು. ರಕ್ತ, ಮಾಂಸ ಏನೂ ಇಲ್ಲದೆ ಬರೀ ಆಸಿಡ್ ಹಾಕಿದ ಒಂದು ಟ್ಯೂಬನ್ನೂ ಉಳಿದವುಗಳ ಜೊತೆಗೇ ಕಾಯಿಸಿ, ತಣಿಸಿ ಮಶೀನಿಗೆ ಕೊಡುತ್ತೇವೆ. ಅದರಲ್ಲೂ ಸೀಸ ಕಂಡರೆ ಕೊಳೆ ನಮ್ಮ ಕೈಯದು, ಆ ದಿನದ ಅಳತೆಯೆಲ್ಲ ಕಸದ ಬುಟ್ಟಿಗೆ. ಸೊನ್ನೆ ಬಂದರೆ ಅಳತೆ ನಿಜ. ಧೂಳಮ್ಮ ಅದನ್ನು ಕೊನೆಗೇ ಇಡುತ್ತಿದ್ದರು. ಲ್ಯಾಬಿನೊಳಗೆ ಸೊನ್ನೆ ಕಂಡಾಗ ಮಾತ್ರ ನಗುತ್ತಿದ್ದರು.

ಅವರ ಮಗಳು ಕೆಲಸಕ್ಕೆ ಹೋದಾಗ ಅವಳ ಪುಟ್ಟ ಮಗುವನ್ನು ನೋಡಿಕೊಳ್ಳುತ್ತಿದ್ದವರು ಧೂಳಮ್ಮನ ಯಜಮಾನರು. ನಿವೃತ್ತರಾದ ಮೇಲೆ ಆ ಮನುಷ್ಯ ಸುಮ್ಮನೆ ಕೂತವರಲ್ಲ.

“ಉಪ್ಪುಕಾಗದ ಹಿಡ್ಕೊಂಡು ಹಳೇ ಕಿಟಕಿಗಳ ಹಿಂದೆ ಬಿದ್ದಿದಾರೆ ಕಣೆ,” ಎಂದು ಊಟದ ಹೊತ್ತಲ್ಲಿ ಧೂಳಮ್ಮ ಹೇಳಿದ್ದರು. “ಉಜ್ಜಿ ಹೊಸ ಬಣ್ಣ ಹೊಡೀತಾರಂತೆ. ಆದ್ರೆ ನಾನು ಮನೆಗೆ ಹೋಗೋಷ್ಟರಲ್ಲಿ ಒಂದು ಚೂರು ಧೂಳಿರಲ್ಲ. ಅಷ್ಟು ಭಯ ಇಟ್ಟಿದೀನಿ!”

ಇಬ್ಬರೂ ನಕ್ಕೆವು. ದೀಪದ ಕೆಳಗೆ ಕತ್ತಲು ಅನ್ನುವುದು ಸುಮ್ಮನೆ ಅಲ್ಲ.

ಕೆಲವು ವಾರಗಳಲ್ಲಿ ಅವರ ಮನೆಯ ಬೆಕ್ಕು ತೂರಾಡತೊಡಗಿತು, ಹಾಲು ಮುಟ್ಟಲಿಲ್ಲ, ಸತ್ತಿತು. ಪಶುವೈದ್ಯರು ಅದರ ಲಿವರಿನ ತುಣುಕನ್ನು ನಮ್ಮಲ್ಲಿಗೇ ಕಳಿಸಿದರು. ಅದರ ತುಂಬ ಸೀಸ.

“ಬೆಕ್ಕು ಬೀದಿ ಸುತ್ತುತ್ತೆ ಅಕ್ಕ. ನಿಮ್ಮ ಬೀದೀಲಿರೋ ಬ್ಯಾಟರಿ ಅಂಗಡಿ ಹಿಂದೆ ಏನೋ ನೆಕ್ಕಿರುತ್ತೆ,” ಎಂದೆ.

“ಹೌದು, ಬೀದಿ ಸುತ್ತುತ್ತೆ,” ಎಂದರು. ಆದರೂ ಮರುದಿನ ಮೊಮ್ಮಗಳ ರಕ್ತ ತಂದರು. ಅದನ್ನು ನನ್ನ ಮುಂದಿಟ್ಟು ಹಿಂದೆ ಸರಿದರು, ಟ್ಯೂಬಿಗೆ ಹಾಕುವ ಕೆಲಸ ನನಗೆ ಬಂತು.

ಮಶೀನು ಗುಂಯ್ಗುಟ್ಟಿತು. ಮಗುವಿನ ಅಂಕಿ ತೆರೆಯ ಮೇಲೆ ಬಂತು. ಆಸ್ಪತ್ರೆಗೆ ಓಡಬೇಕಾದಷ್ಟು ಸೀಸ. ಹಾಲು ಕುಡಿದ ಮಕ್ಕಳೇ ಬದುಕೋಲ್ಲ, ಇನ್ನು ವಿಷ ಕುಡಿದ ಮಕ್ಕಳು ಬದುಕ್ತವಾ ಎಂಬ ಹಾಳು ಗಾದೆ ನಾಲಿಗೆಯ ತುದಿಗೆ ಬಂತು. ಕಚ್ಚಿಕೊಂಡೆ.

ಉಳಿದದ್ದು ಖಾಲಿ ಟ್ಯೂಬು ಒಂದೇ. ಧೂಳಮ್ಮ ನನ್ನ ತೋಳು ಹಿಡಿದರು. ಉಗುರು ಚರ್ಮಕ್ಕೆ ನಾಟಿತು.

“ನೀನು ಕೈ ತೊಳ್ಕೊಂಡಿರ್ಲಿಲ್ಲ ಅಲ್ವಾ? ಹೇಳೆ. ಕೊಳಕು ಕೈಲೇ ಮುಟ್ಟಿದೆ ಅನ್ನು. ನಾನು ಬೈಯಲ್ಲ.”

“ತೊಳ್ಕೊಂಡಿದ್ದೆ ಅಕ್ಕ.”

“ಕೊಳೆ ಇರ್ಲಿ, ದೇವ್ರೇ, ಒಂದು ಸಲ ಕೊಳೆ ಇರ್ಲಿ,” ಎಂದು ಗೊಣಗುತ್ತಾ ತೆರೆಗೆ ಮೂಗು ತಾಗುವಷ್ಟು ಬಗ್ಗಿದರು. ನಾನೂ ಅದನ್ನೇ ಬೇಡಿಕೊಂಡೆ. ಜನ್ಮದಲ್ಲಿ ಕೊಳೆಗಾಗಿ ಹರಕೆ ಹೊತ್ತದ್ದು ಅದೊಂದೇ ಸಲ.

ಸೊನ್ನೆ ಬಂತು.

ಧೂಳಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದರು. “ಬೆಕ್ಕು ಬೀದಿ ಸುತ್ತುತ್ತೆ. ಮಗು ಎಲ್ಲಿಗೆ ಹೋಗುತ್ತೆ? ಮನೇಲೇ ಇರುತ್ತಲ್ವಾ?”

ಹಳೇ ಕಾಲದ ಬಣ್ಣದಲ್ಲಿ ಸೀಸ ಇರುತ್ತದೆಂದು ಇಬ್ಬರಿಗೂ ಗೊತ್ತು. ಬೆಕ್ಕು ಮಲಗುತ್ತಿದ್ದದ್ದು ಕಿಟಕಿಯ ಕಟ್ಟೆಯ ಮೇಲೆ. ಇಬ್ಬರ ಕೈಯೂ ಒಟ್ಟಿಗೆ ಫೋನಿಗೆ ಹೋಯಿತು. ಅವರೇ ಒತ್ತಿದರು.

“ಮಗು ಎಲ್ಲಿ?”

ಗರಗರ ಉಜ್ಜುವ ಸದ್ದು ನನಗೂ ಕೇಳಿಸಿತು. ಅದು ನಿಂತು, ಯಜಮಾನರ ದನಿ ಬಂತು. “ಇಲ್ಲೇ ಇದಾಳೆ ಕಣೇ, ನನ್ನ ಪಕ್ಕದಲ್ಲೇ. ಹೆದರ್ಕೋಬೇಡ, ನೀನು ಬರೋಷ್ಟರಲ್ಲಿ ಒಂದು ಚೂರು ಧೂಳಿರಲ್ಲ. ಕಟ್ಟೆ ಮೇಲಿರೋದನ್ನೆಲ್ಲ ಇವಳೇ ಊದಿ ಊದಿ ತೆಗೀತಾಳೆ. ಊದು ಮರಿ, ಅಜ್ಜಿಗೆ ಕೇಳ್ಸೋ ಹಾಗೆ ಊದು.”

ಧೂಳಮ್ಮನ ಕೈಯಿಂದ ಫೋನು ಕಿತ್ತುಕೊಂಡು “ನಿಲ್ಸಿ, ಮಗೂನ ಎತ್ಕೊಂಡು ಆಚೆ ಹೋಗಿ!” ಎಂದು ನಾನೇ ಕಿರುಚಿದೆ. ಅಷ್ಟರಲ್ಲಿ ಮಗು ಊದಲು ಉಸಿರೆಳೆದುಕೊಂಡದ್ದು ಕೇಳಿಸಿತ್ತು.