ಬೇಕೆಂದೇ ಕೊಟ್ಟ ತರಗತಿ

ಬಾಗಲಗುಂಟೆಯ ನಮ್ಮ ಶಾಲೆಗೆ ಗಣಿತದ ಮೇಷ್ಟ್ರ ಕೆಲಸ ಕೇಳಿಕೊಂಡು ಬಂದವರನ್ನು ನೋಡಿದ ಕೂಡಲೇ ಗುರುತು ಹಿಡಿದೆ. ನಾನು ಏಳನೇ ತರಗತಿಯಲ್ಲಿದ್ದಾಗ ನನ್ನ ರಾಯಚೂರಿನ ಮಾತನ್ನು ಅಣಕಿಸಿ ಇಡೀ ಕ್ಲಾಸನ್ನು ನಗಿಸುತ್ತಿದ್ದವರು ಅವರೇ. ಆಮೇಲೆ ಶಾಲೆ ಮುಗಿಯುವ ತನಕ ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಈಗ ನಾನು ಹೆಡ್‌ಮಿಸ್. ಅವರಿಗೆ ನನ್ನ ಗುರುತು ಸಿಗಲಿಲ್ಲ.

ಪರೀಕ್ಷಾರ್ಥ ಪಾಠಕ್ಕೆ ಬೇಕೆಂದೇ ಆರನೇ ತರಗತಿ ಕೊಟ್ಟೆ. ಅಲ್ಲಿ ಅರ್ಧಕ್ಕರ್ಧ, ಪೀಣ್ಯದ ಫ್ಯಾಕ್ಟರಿಗಳಲ್ಲಿ ದುಡಿಯಲು ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳು. ನಾನು ಹಿಂದಿನ ಬೆಂಚಿನಲ್ಲಿ ಕೂತು ಕಾದೆ. ಭಿನ್ನರಾಶಿಯನ್ನು ಅವರು ನಿಜಕ್ಕೂ ಚೆನ್ನಾಗಿ ವಿವರಿಸಿದರು. ಆಗ ಒಬ್ಬ ಹುಡುಗಿ ಎದ್ದು, "ಇನ್ನೊಂದ್ ಸಲ ಹೇಳ್ರಿ ಸರ, ನಂಗ ತಿಳಿವಲ್ದು," ಅಂದಳು.

"ತಿಳಿವಲ್ದಾ? ಮೊದ್ಲು ಕನ್ನಡ ಕಲ್ತ್ಕೊಂಡು ಬಾಮ್ಮ," ಎಂದು ನಕ್ಕರು.

ಅಷ್ಟು ಸಾಕಾಗಿತ್ತು. ಆಫೀಸಿಗೆ ಕರೆದು ಹೇಳಿದೆ: "ನಿಮ್ಮಷ್ಟು ಗಣಿತ ಗೊತ್ತಿರೋರು ನಮ್ಮಲ್ಲಿ ಯಾರೂ ಇಲ್ಲ ಸಾರ್. ಆದ್ರೆ ಮೇಷ್ಟ್ರಾಗೋ ಸ್ವಭಾವ ನಿಮಗಿಲ್ಲ. ಇದು ನನಗೆ ಆವತ್ತೇ ಗೊತ್ತಿತ್ತು, ನಾನೂ ನಿಮ್ಮ ಸ್ಟೂಡೆಂಟೇ."

"ಯಾವ ಬ್ಯಾಚು ಮೇಡಂ?" ಎಂದು ಕೇಳಿದರು.

"ನೀವೇ ನೆನಪು ಮಾಡ್ಕೊಳ್ಳಿ," ಅಂದೆ. ಅವರು ಯೋಚಿಸುತ್ತ ಒಂದೊಂದೇ ಬ್ಯಾಚಿನ ವರ್ಷ ಹೇಳತೊಡಗಿದರು. ನಾನು ಮುಂದಿನ ಅಭ್ಯರ್ಥಿಯ ಅರ್ಜಿ ತೆರೆದೆ.