ನಮ್ಮ ಬರ್ನಡೀನಳ ಕಿವಿ

ನನ್ನ ಗಂಡನ ಅಕ್ಕ ಬರ್ನಡೀನ್ ಹಾಲಿಕ್‌ಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವಳ ತಮ್ಮನನ್ನು ಮದುವೆಯಾಗಿ ಈ ಊರಿಗೆ ಬಂದ ದಿನದಿಂದ ನೋಡುತ್ತಿದ್ದೇನೆ, ಅದು ಅಲ್ಲಿಂದ ಕದಲಿದ್ದೇ ಇಲ್ಲ. ಅಂಗಡಿಯವನು ಹುಳುಕು ಸೇಬು ಕೊಟ್ಟರೆ ಜಗಳ, ಪಾದ್ರಿ ಪ್ರಸಂಗ ಎಳೆದರೆ ಮುಂದಿನ ಬೆಂಚಿನಿಂದ ಜೋರು ಕೆಮ್ಮು. ಆದರೆ ಮೇ ತಿಂಗಳು ಬಂದು, ತೆಂಕಣ ಗಾಳಿ ಬೀಸಿ, ಸರೋವರದ ದಂಡೆಯ ನಮ್ಮ ಓಕ್ ತೋಪಿಗೆ ಉಲಿಹಕ್ಕಿಗಳು ಇಳಿದವೆಂದರೆ ಇವಳು ಬೇರೆಯೇ ಹೆಂಗಸು. ಕತ್ತಲು ಹರಿಯುವ ಮೊದಲೇ ಬಂದು ನನ್ನ ಅಡುಗೆಮನೆ ಕಿಟಕಿ ಬಡಿಯುತ್ತಾಳೆ.

"ಏಳೇ ಡೊರೀನ್! ರಾತ್ರಿ ಗಾಳಿ ತಿರುಗಿದೆ, ತೋಪು ತುಂಬಿ ಹೋಗಿರತ್ತೆ. ಇನ್ನೂ ಬಿದ್ಕೊಂಡಿದೀಯಲ್ಲ, ನಾಚಿಕೆ ಆಗಲ್ವಾ?"

"ಕಾಫಿನಾದ್ರೂ ಕುಡೀಲಿಕ್ಕೆ ಬಿಡೇ ಮಾರಾಯ್ತಿ."

"ಕಾಫಿ ಎಲ್ಲೂ ಹೋಗಲ್ಲ. ಹಕ್ಕಿ ಹೋಗತ್ತೆ."

ಅದೇನೋ ನಿಜ. ತೆಂಕಣದಿಂದ ಹೊರಟು ಬಡಗಣದ ಕಾಡುಗಳಿಗೆ ಹೋಗುವ ಆ ಬೆರಳುದ್ದದ ಜೀವಗಳು ಎದುರಿಗೆ ಅಷ್ಟು ದೊಡ್ಡ ನೀರು ಕಂಡ ಮೇಲೆ ನಮ್ಮ ತೋಪಿನಲ್ಲಿ ಇಳಿದು, ಹುಳ ಹೆಕ್ಕಿ ತಿಂದು, ಗಾಳಿ ನೋಡಿಕೊಂಡು ದಾಟುತ್ತವೆ. ಇವತ್ತು ಮರದ ತುಂಬ ಇದ್ದದ್ದು ನಾಳೆ ಒಂದೂ ಇರುವುದಿಲ್ಲ.

ಬರ್ನಡೀನ್ ಹುಟ್ಟಿದ್ದು ಇದೇ ಊರಲ್ಲಿ. ಅಪ್ಪ ಅದಿರು ಹಡಗಿನಲ್ಲಿ ಕೆಲಸಕ್ಕಿದ್ದ. ಶಾಲೆ ಮುಗಿಸಿದ್ದೇ ಇವಳು ತಗಡು ಒತ್ತಿ ಕಾರಿನ ಬಾಗಿಲು ಮಾಡುವ ಕಾರ್ಖಾನೆ ಸೇರಿದಳು. ದೊಡ್ಡ ದೊಡ್ಡ ಯಂತ್ರಗಳು ದಿನವಿಡೀ ಢಬ್ ಢಬ್ ಎಂದು ತಗಡು ಕುಟ್ಟುವ ಜಾಗ. ಕಿವಿಗೆ ಹತ್ತಿ ತುರುಕಿಕೊಂಡು, ಕೈಸನ್ನೆಯಲ್ಲೇ ಮಾತಾಡಿಕೊಂಡು ವಯಸ್ಸು ಕಳೆದಳು. ಇವತ್ತಿಗೂ ಉಪ್ಪು ಕೊಡು ಅನ್ನುವುದಿದ್ದರೂ ಯಂತ್ರದ ಆಚೆ ನಿಂತವರಿಗೆ ಹೇಳುವ ಹಾಗೆ ಕಿರುಚುತ್ತಾಳೆ.

ಆ ಕಾರ್ಖಾನೆಯ ಹಿಂಬಾಗಿಲಲ್ಲೇ ಅವಳಿಗೆ ಹಕ್ಕಿಯ ಹುಚ್ಚು ಹತ್ತಿದ್ದು. ಒಂದು ವಸಂತದಲ್ಲಿ ಕಿಟಕಿ ಗಾಜಿಗೆ ಬಡಿದು ಏನೋ ಬಿತ್ತು. ಎತ್ತಿ ಅಂಗೈಲಿಟ್ಟುಕೊಂಡಳಂತೆ. ಕಪ್ಪು ಬಿಳಿ ಮೈ, ಗಂಟಲು ಮಾತ್ರ ನಿಗಿನಿಗಿ ಕೆಂಡ. ಯಾರದೋ ಪಂಜರದಿಂದ ತಪ್ಪಿಸಿಕೊಂಡ ಗಿಣಿಮರಿ ಅಂದುಕೊಂಡಳು. ಸ್ವಲ್ಪ ಹೊತ್ತಿಗೆ ಅದು ಚೇತರಿಸಿಕೊಂಡು ಹಾರಿ, ಬೇಲಿಯ ಮೇಲೆ ಕೂತು, ಸೂಜಿಯಷ್ಟು ಸಣ್ಣ ದನಿಯಲ್ಲಿ ಹಾಡಿತು. ಅವಳು ಸಂಜೆ ನೇರ ಎಲ್ಡನ್ ಸ್ಟ್ರೌಬನ ಕಬ್ಬಿಣದ ಸಾಮಾನಿನ ಅಂಗಡಿಗೆ ಹೋದಳು. ಹಕ್ಕಿ ಎಂದರೆ ಊರಲ್ಲಿ ಎಲ್ಡನ್, ಎಲ್ಡನ್ ಎಂದರೆ ಹಕ್ಕಿ. ಅವನು, "ಅದಾ? ಅದು ನಮ್ಮ ಕೆಂಡಗೊರಳು. ಭಾನುವಾರ ತೋಪಿಗೆ ಬಾ, ತೋರಿಸ್ತೀನಿ" ಎಂದ. ಹೋದವಳು ಇವತ್ತಿನವರೆಗೂ ಹೋಗುತ್ತಲೇ ಇದ್ದಾಳೆ. ಗಂಡ ಕ್ಲೆಮ್ ಬದುಕಿದ್ದಷ್ಟು ದಿನ ಎಲ್ಲರೆದುರು ಗೊಣಗುತ್ತಿದ್ದ: "ಆ ಹಕ್ಕಿನ ನೋಡಿದ ಹಾಗೆ ನನ್ನ ಒಂದಿನಾನೂ ನೋಡ್ಲಿಲ್ಲ ಇವಳು."

ನಮ್ಮ ತೋಪಿನಲ್ಲಿ ಮುಂದೆ ನಡೆಯುವವರಿಗೆ ಬೇಕಾದ್ದು ಕಿವಿ. ಮೇ ತಿಂಗಳಿಗೆ ಎಲೆ ಬಿಟ್ಟಿರುತ್ತದೆ, ಕಣ್ಣಿಗೆ ಬೀಳುವ ಮೊದಲು ಹಕ್ಕಿ ಕಿವಿಗೆ ಬೀಳಬೇಕು. ಮುಂದಿನವರು ಕೈ ಎತ್ತಿದರೆ ಹಿಂದಿನವರೆಲ್ಲ ನಿಂತಲ್ಲೇ ಕಲ್ಲು. ಅವರು ಹೆಸರು ಹೇಳಿದ ಮೇಲೆ ದುರ್ಬೀನುಗಳು ಮೇಲೇಳುತ್ತವೆ. ಎಲ್ಲಕ್ಕಿಂತ ಸಣ್ಣ ದನಿ ಕೆಂಡಗೊರಳಿನದು. ಅದರ ಹಾಡಿನ ಕೊನೆ ಮೇಲೆ ಮೇಲೆ ಹೋಗಿ ಎಲ್ಲಿ ಮುಗಿಯಿತೋ ತಿಳಿಯುವುದಿಲ್ಲ. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದು ಅದನ್ನೇ. ಹಾಗಾಗಿ ಕೆಂಡಗೊರಳು ಕೇಳಿಸದವರು ಮುಂದೆ ನಡೆಯಬಾರದು ಎಂದು ನಮ್ಮಲ್ಲೊಂದು ಕಟ್ಟಳೆ.

ಕಟ್ಟಳೆ ಮಾಡಿದ್ದು ಬರ್ನಡೀನೇ. ಎಷ್ಟೋ ವಸಂತಗಳ ಹಿಂದೆ ಎಲ್ಡನ್ ಮುಂದೆ ನಡೆಯುತ್ತಿದ್ದಾಗ, ಹಾಡುತ್ತಿದ್ದ ಕೆಂಡಗೊರಳಿನ ಅಡಿಯಲ್ಲೇ ಕೈ ಎತ್ತದೆ ದಾಟಿಬಿಟ್ಟ. ಬೇರೆ ಯಾರಾದರೂ ಆಗಿದ್ದರೆ ಮನೆಗೆ ಹೋಗಿ ಮೆಲ್ಲಗೆ ಹೇಳುತ್ತಿದ್ದರು. ಇವಳು ಅಲ್ಲೇ, ಎಲ್ಲರೆದುರು, "ಎಲ್ಡನ್, ನಿಮ್ಮ ತಲೆ ಮೇಲೇ ಹಾಡ್ತಿದೆ, ನಿಮಗೆ ಕೇಳ್ತಿಲ್ಲ. ಸಾಕು. ಇನ್ಮೇಲೆ ನಾನು ಮುಂದೆ ನಡೀತೀನಿ" ಎಂದುಬಿಟ್ಟಳು. ಹಕ್ಕಿ ಕಲಿಸಿದ ಗುರು ಆತ! ಎಲ್ಡನ್ ಮುಂದಿನ ಚಳಿಗಾಲದವರೆಗೆ ಇವಳ ಜೊತೆ ಮಾತು ಬಿಟ್ಟಿದ್ದ. ಆಮೇಲೆ ಹಕ್ಕಿ ಬರುವ ಹೊತ್ತಿಗೆ ತಡೆಯಲಾರದೆ ಬಂದು ತೋಪಿನ ಬಾಯಲ್ಲಿರುವ ಬೆಂಚಿನ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಕೂತ. ಈಗ ಅವನಿಗೆ ತೊಂಬತ್ತು ಹತ್ತಿರ. ಕೋಲೂರಿಕೊಂಡು ನಮ್ಮ ಹಿಂದೆ ಹಿಂದೆ ಬರುತ್ತಾನೆ.

ಈ ವರ್ಷ ಬರ್ನಡೀನ್‌ಗೆ ಏನೋ ಆಗಿದೆ ಎಂದು ನನಗೆ ಮೊದಲು ಅನುಮಾನ ಬಂದದ್ದು ಟಿ.ವಿ.ಯಿಂದ. ಅವಳ ಮನೆಯ ಬೇಸ್‌ಬಾಲ್ ಆಟ ನಮ್ಮ ಮಲಗುವ ಕೋಣೆಯವರೆಗೂ ಕೇಳುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತುಹೋಯಿತು. ಕೆಟ್ಟಿರಬೇಕು ಅಂದುಕೊಂಡೆ. ಮೊದಲೆಲ್ಲ ಬರಿತಲೆಯಲ್ಲಿ ಓಡಾಡುತ್ತಿದ್ದವಳು ಉಣ್ಣೆ ಟೋಪಿಯನ್ನು ಕಿವಿ ಮುಚ್ಚುವ ಹಾಗೆ ಎಳೆದುಕೊಂಡು ಬರತೊಡಗಿದಳು. ಕೇಳಿದರೆ, "ಸರೋವರದ ಗಾಳಿ ಕೊರೀತಿದೆ, ನಿನಗೇನು ಕಷ್ಟ?" ಎಂದಳು.

ತಾಯಂದಿರ ದಿನದ ಭಾನುವಾರ ನಮಗೆ ದೊಡ್ಡ ನಡಿಗೆ. ಅವತ್ತು ತೋಪು ಹಕ್ಕಿಯಿಂದ ಕಿಕ್ಕಿರಿದಿತ್ತು. ಬರ್ನಡೀನ್ ಮುಂದೆ, ಅವಳ ಬೆನ್ನಿಗೆ ನಾನು, ಹಿಂದೆ ಪಕ್ಕದ ಬೀದಿಯ ಲವರ್ನ್ ಮತ್ತು ಮಿಕ್ಕವರು, ಕೊನೆಗೆ ಎಲ್ಡನ್. ಲವರ್ನ್‌ಳ ಚೀಲದಿಂದ ಅವಳು ಮಾಡಿದ ಅಕ್ರೋಟಿನ ಸುರುಳಿ ರೊಟ್ಟಿಯ ವಾಸನೆ ಘಮ್ಮೆನ್ನುತ್ತಿತ್ತು. ದೊಡ್ಡ ಓಕ್ ದಾಟುವಷ್ಟರಲ್ಲಿ ಹಿಂದಿನಿಂದ ಎಲ್ಡನ್ ಕೂಗಿದ.

"ನಿಲ್ಲಿ! ನಿಲ್ಲಿ! ಕೆಂಡಗೊರಳು!"

ಎಲ್ಲರೂ ನಿಂತೆವು. ಹೌದು, ಸುಂಯ್... ಎಂದು ಎಳೆಯಾದ ಒಂದು ದನಿ. ಲವರ್ನ್ ಎದೆಗೆ ಕೈಯಿಟ್ಟುಕೊಂಡಳು. "ಅಯ್ಯೋ ದೇವರೇ, ನನಗೂ ಕೇಳ್ತಿದೆ! ಎಷ್ಟು ಚೆನ್ನಾಗಿ ಕೇಳ್ತಿದೆ!"

ಎಲ್ಡನ್ ಕಣ್ಣಲ್ಲಿ ನೀರು. "ಇನ್ನು ಸಾಯೋವರೆಗೆ ಇಲ್ಲ ಅಂದ್ಕೊಂಡಿದ್ದೆ ಕಣ್ರೋ. ಕೇಳಿಸ್ತಲ್ಲ, ಮತ್ತೆ ಕೇಳಿಸ್ತಲ್ಲ!"

ನಾನು ಬರ್ನಡೀನಳ ಮುಖ ನೋಡಿದೆ. ಸುಣ್ಣದ ಹಾಗೆ ಬಿಳುಚಿಕೊಂಡಿತ್ತು. ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. ಟೋಪಿಯ ಅಂಚು ಎತ್ತಿ, ತಲೆ ವಾಲಿಸಿ ಆಲಿಸಿದಳು. ದನಿ ನಿಂತಿತು. "ಹೂಂ... ಕೇಳ್ತು. ಅಲ್ಲಿ, ಮೇಲೆ" ಎಂದು ಎಲ್ಲೋ ಕೈ ತೋರಿಸಿದಳು. ಅವಳು ಜನ್ಮದಲ್ಲಿ ಇಲ್ಲದ ಹಕ್ಕಿಯನ್ನು ಇದೆ ಎಂದವಳಲ್ಲ.

ಹತ್ತು ಹೆಜ್ಜೆ ಹೋದೆವೋ ಇಲ್ಲವೋ, ಅವಳು ಟೋಪಿ ಕೆಳಗೆಳೆದುಕೊಂಡಳು, ದನಿ ಮತ್ತೆ ಶುರುವಾಯಿತು. ಜನ ಮತ್ತೆ ಕತ್ತು ಮೇಲೆತ್ತಿದರು. ಅವಳು ಕೇಳಿಸಿಕೊಳ್ಳಲು ಟೋಪಿ ಎತ್ತಿದಳು, ನಿಂತುಹೋಯಿತು. ತೊರೆಯ ಹತ್ತಿರ ಮತ್ತೆ ಅದೇ. "ನಮ್ಮ ಹಿಂದೇನೇ ಬರ್ತಿದೆ ನೋಡ್ರೋ, ಎಂಥ ಸ್ನೇಹದ ಹಕ್ಕಿ!" ಎಂದು ಎಲ್ಡನ್ ಕೋಲು ಬಿಟ್ಟು ಕುಣಿಯುವುದೊಂದು ಬಾಕಿ. ನನಗೆ ಕೆಂಡಗೊರಳಿನ ಹಾಡು ಗೊತ್ತು, ನನ್ನ ಕಿವಿಗಿನ್ನೂ ಏನೂ ಆಗಿಲ್ಲ. ಇದು ಆ ಹಾಡಲ್ಲ, ಅದಕ್ಕಿಂತ ದಪ್ಪ ದನಿ. ಇದು ಮರದ ಮೇಲಿಂದಲೂ ಬರುತ್ತಿರಲಿಲ್ಲ. ನನ್ನ ಮೂಗಿನ ಮುಂದಿದ್ದ ನೀಲಿ ಉಣ್ಣೆ ಟೋಪಿಯೊಳಗಿಂದ ಬರುತ್ತಿತ್ತು!

ನಗು ಉಕ್ಕಿ ಬಂತು. ಅವಳು ಇನ್ನೂ ಕೊಂಬೆ ಕೊಂಬೆಗೂ ದುರ್ಬೀನು ಹಿಡಿದು ಇಲ್ಲದ ಹಕ್ಕಿಯನ್ನು ಹುಡುಕುತ್ತಿದ್ದಳು. ನನ್ನ ನಗು ಅಲ್ಲೇ ಒಣಗಿತು. ತೋಳು ಹಿಡಿದು ಓಕ್ ಮರದ ಹಿಂದಕ್ಕೆ ಎಳೆದುಕೊಂಡು ಹೋದೆ.

"ಏನೇ ನಿಂದು? ಜನ ನೋಡ್ತಿದಾರೆ."

"ನಿನಗೆ ಕೇಳ್ತಿಲ್ಲ ತಾನೇ?"

ಅವಳ ಬಾಯಿ ಜಗಳಕ್ಕೆಂದು ತೆರೆಯಿತು, ಜಗಳ ಬರಲಿಲ್ಲ. "ಇಲ್ಲ ಕಣೇ" ಎಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಹೋದ ವರ್ಷಾನೂ ಕೇಳ್ಲಿಲ್ಲ. ಮಗಳು ಡಾಕ್ಟರ್ ಹತ್ರ ಕರ್ಕೊಂಡ್ಹೋಗಿ ಕಿವಿ ಮಿಷನ್ ಹಾಕಿಸಿದಾಳೆ. ಇದು ಹಾಕ್ಕೊಂಡೂ ಕೇಳ್ತಿಲ್ಲ. ಆ ಮುದುಕನಿಗೆ ಕೇಳ್ತಿದೆ, ನನಗೆ ಕೇಳ್ತಿಲ್ಲ! ಆವತ್ತು ಅವರನ್ನ ಹೆಂಗೆ ಇಳಿಸಿದೆ, ನಿನಗೆ ನೆನಪಿದೆಯಲ್ಲ. ಇನ್ನು ನಂದು ಮುಗೀತು. ಈ ತೋಪಿಗೆ ಬರೋದೂ ಮುಗೀತು."

"ಲೇ ಪೆದ್ದಿ, ಅದು ಹಕ್ಕಿ ಅಲ್ವೇ. ನಿನ್ನ ಮಿಷನ್ನೇ ಕೂಗ್ತಿರೋದು! ಟೋಪಿ ಒತ್ತಿದಾಗೆಲ್ಲ ಸುಂಯ್ ಅನ್ನತ್ತೆ. ಕಾರ್ಖಾನೆ ಕುಟ್ಟಿದ ನಿನ್ನ ಕಿವಿಗೆ ಅದೂ ಮುಟ್ಟಲ್ಲ."

ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. ಟೋಪಿ ಒತ್ತಿದಳು. ಆಚೆಯಿಂದ ಎಲ್ಡನ್, "ಅಗೋ, ಈಗ ಓಕ್ ಮರದ ಹಿಂದೆ!" ಎಂದ. ಬಿಟ್ಟಳು. "ನಿಂತು ಹೋಯ್ತಲ್ಲಪ್ಪ" ಎಂದ. ಬರ್ನಡೀನ್ ಮರಕ್ಕೆ ಒರಗಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು, ಮೈ ಕುಲುಕಿ ಕುಲುಕಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

"ಸುಮ್ನಿದ್ಬಿಡೋಣ. ಮಿಷನ್ ತೆಗೆದು ಜೇಬಿಗಿಟ್ಕೋ. ಎಲ್ಡನ್ ಎಷ್ಟು ಖುಷಿಯಾಗಿದಾನೆ ನೋಡು" ಎಂದೆ.

"ಖುಷಿ ಇರ್ಲಿ. ಸುಳ್ಳು ಹಕ್ಕಿನ ನಿಜ ಅಂತ ನಂಬಿಸಿ ನಾನು ಮನೆಗೆ ಹೋಗಲ್ಲ" ಎಂದವಳೇ ಟೋಪಿ ಕಿತ್ತು ಹೊರಗೆ ಹೆಜ್ಜೆ ಹಾಕಿದಳು.

ಎಲ್ಲರ ನಡುವೆ ನಿಂತು ಕಿವಿಯಿಂದ ಮಿಷನ್ ತೆಗೆದು ಮುಷ್ಟಿಯೊಳಗೆ ಮುಚ್ಚಿ ಹಿಡಿದಳು. ಸುಂಯ್... ಎಲ್ಡನ್ ತಟ್ಟನೆ ಮರದ ತುದಿ ನೋಡಿದ. ಆಮೇಲೆ ಅವಳ ಮುಷ್ಟಿ ನೋಡಿದ. ಅವಳು ಬೆರಳು ಬಿಡಿಸಿದಳು.

"ಅಂದ್ರೆ... ನನಗೆ ಕೇಳಿದ್ದು?"

"ನನ್ನ ಕಿವಿ ಮಿಷನ್ನು, ಎಲ್ಡನ್. ಹಕ್ಕಿ ಅಲ್ಲ. ನನಗೆ ಕೆಂಡಗೊರಳು ಕೇಳಿಸಲ್ಲ. ಹೋದ ವರ್ಷದಿಂದ್ಲೂ ಕೇಳಿಲ್ಲ. ನಿಮಗೆ ನಾನು ಹೇಳಿದ ಮಾತನ್ನೇ ಈಗ ನೀವು ನನಗೆ ಹೇಳಿ."

ಎಲ್ಡನನ ಮುಖ ಸಣ್ಣಗಾಗಿ ಹೋಯಿತು. ಬೆಳಗಿನಿಂದ ಇದ್ದ ಸಂತೋಷ ಅಷ್ಟೂ ಹೋಯಿತಲ್ಲ ಎಂದುಕೊಂಡೆ. ಅವನು ಕೋಲಿನ ಮೇಲೆ ಎರಡೂ ಕೈಯಿಟ್ಟು ಅವಳನ್ನೇ ದಿಟ್ಟಿಸಿದ. ಆಮೇಲೆ ಅವನ ಹೊಟ್ಟೆಯೊಳಗಿಂದ ಗೊಗ್ಗರು ನಗು ಎದ್ದಿತು.

"ಎಲಾ ಇವಳಾ! ಕಿವಿ ಸರಿಯಿಲ್ಲ ಅಂತ ನನ್ನ ಬೆಂಚಿಗೆ ಕೂರಿಸಿದೆ. ಇವತ್ತು ನಿನ್ನ ಕಿವೀನೇ ನನಗೆ ಹಾಡ್ತಲ್ಲೇ! ಇಡೀ ಊರಿಗೆ ಟೋಪಿ ಹಾಕಿದೆಯಲ್ಲೇ!"

ಅವಳ ಕೈಯಲ್ಲಿದ್ದ ಟೋಪಿ ನೋಡಿ ಎಲ್ಲರಿಗೂ ನಗು ತಡೆಯಲಾಗಲಿಲ್ಲ. ಲವರ್ನ್ ನಕ್ಕೂ ನಕ್ಕೂ ನೆಲದ ಮೇಲೇ ಕೂತಳು. ಕೂತಲ್ಲಿಂದಲೇ ಹೇಳಿದಳು: "ನಿಜ ಹೇಳ್ಬಿಡ್ತೀನಿ ಬರ್ನಿ. ನನಗದು ಕೇಳಿಸಿ ಎಷ್ಟೋ ಕಾಲ ಆಯ್ತು. ನೀನು ಕೈ ಎತ್ತಿದ್ರೆ ನಾನು ತಲೆ ಆಡಿಸ್ತಿದ್ದೆ."

"ನಾನೂ ಅಷ್ಟೇ" ಎಂದಿತು ಹಿಂದಿನಿಂದ ಒಂದು ದನಿ. "ನಾನೂನೂ" ಎಂದಿತು ಇನ್ನೊಂದು. ಬರ್ನಡೀನ್ ಸೊಂಟದ ಮೇಲೆ ಕೈಯಿಟ್ಟಳು. "ಅಷ್ಟು ವರ್ಷದಿಂದ ನಾನು ಯಾರಿಗೆ ತೋರಿಸ್ತಿದ್ದೆ ಹಾಗಾದ್ರೆ, ಮರಕ್ಕಾ?"

ಗದ್ದಲ ಇಳಿದ ಮೇಲೆ ಅವಳು ನನ್ನ ಕಡೆ ತಿರುಗಿದಳು. "ಕಟ್ಟಳೆ ಕಟ್ಟಳೇನೇ. ಡೊರೀನ್, ಮುಂದೆ ಬಾ. ನಿನ್ನ ಕಿವಿ ನೆಟ್ಟಗಿದೆ."

"ಕಿವಿ ಇದೆ, ಕಣ್ಣೆಲ್ಲಿದೆ? ನನಗೆ ದುರ್ಬೀನಲ್ಲಿ ಹಕ್ಕಿ ಸಿಕ್ಕಿದ್ದಕ್ಕಿಂತ ಎಲೆ ಸಿಕ್ಕಿದ್ದೇ ಜಾಸ್ತಿ. ನನ್ನ ಹಿಂದೆ ಬಂದ್ರೆ ಎಲ್ಲರೂ ಎಲೆ ನೋಡ್ಕೊಂಡು ಮನೆಗೆ ಹೋಗ್ತೀರಿ."

"ಬಾ ಅಂದ್ರೆ ಬಾ."

ನಾನು ಮುಂದೆ ಹೋದೆ. ಅವಳು ನನ್ನ ಹಿಂದೆ ನಿಂತಳು. ಅವಳು ನನ್ನ ಹಿಂದೆ ನಿಂತದ್ದು ಅದೇ ಮೊದಲು, ನನಗೆ ಅದು ಒಂದಿಷ್ಟೂ ಹಿಡಿಸಲಿಲ್ಲ. ತೊರೆ ದಾಟಿ ಹೆಮ್ಲಾಕ್ ಮರಗಳ ಹತ್ತಿರ ಹೋಗುವಾಗ ಮೇಲೆಲ್ಲೋ ಅದು ಶುರುವಾಯಿತು. ಈ ಸಲ ನಿಜವಾದದ್ದು. ಸೀ ಸೀ ಸೀ ಎಂದು ಹತ್ತುತ್ತಾ, ಕೊನೆಗೆ ಎಳೆ ಎಳೆಯಾಗಿ ಆಕಾಶಕ್ಕೆ ಹೊರಟುಹೋಗುವ ಅದೇ ಹಾಡು. ನಾನು ಕೈ ಎತ್ತಿದೆ. ಎಲ್ಲರೂ ಕಲ್ಲಾದರು. ಯಾರಿಗೂ ಏನೂ ಕೇಳಿಸುತ್ತಿಲ್ಲ ಎನ್ನುವುದು ಅವರ ಮುಖದಲ್ಲೇ ಕಾಣುತ್ತಿತ್ತು. ನಾನು ದನಿ ಬಂದ ಕಡೆ ದುರ್ಬೀನು ಹಿಡಿದೆ. ಬರೀ ಎಲೆ.

"ಎಲ್ಲಿ?" ಎಂದಳು ಬರ್ನಡೀನ್.

"ಆ ಮುರಿದ ಕೊಂಬೆ ಇದೆಯಲ್ಲ, ಅದರ ಮೇಲೆ ಎಲ್ಲೋ."

ಅವಳ ದುರ್ಬೀನು ಮೇಲೆದ್ದು ಹಾಗೇ ನಿಂತುಬಿಟ್ಟಿತು. "ಸಿಕ್ತು. ಮೂರನೇ ಕವಲು, ಎಡಕ್ಕೆ." ಅವಳು ಹೇಳಿದ ಮೇಲೆ ನನಗೂ ಸಿಕ್ಕಿತು, ಎಲ್ಡನ್‌ಗೂ ಸಿಕ್ಕಿತು. ಬಿಸಿಲು ಬಿದ್ದು ಹಕ್ಕಿಯ ಗಂಟಲು ಕೆಂಡದ ಹಾಗೆ ಉರಿಯುತ್ತಿತ್ತು.

"ಕೊಕ್ಕು ತೆಗೆದಿದೆ, ಗಂಟಲು ನಡುಗ್ತಿದೆ" ಎಂದಳು ಅವಳು. ದುರ್ಬೀನು ಇಳಿಸಲಿಲ್ಲ. "ಹಾಡ್ತಿದೆಯಾ?"

"ಹಾಡ್ತಿದೆ."

"ಹೆಂಗೆ? ಹಾಡಿ ತೋರಿಸು."

ನನ್ನ ಕಂಠ ಎಂಥದ್ದೆಂದರೆ ಚರ್ಚಿನ ಹಾಡುಗಾರರ ಸಾಲಿನಿಂದ ನನ್ನನ್ನು ಮರ್ಯಾದೆಯಾಗಿ ಹೊರಗೆ ಕಳಿಸಿದ್ದಾರೆ. ಆದರೂ ಹಾಡಿದೆ. ಮೇ ತಿಂಗಳ ಬೆಳಗಿನಲ್ಲಿ, ಅಷ್ಟು ಜನ ಮುದುಕ ಮುದುಕಿಯರ ನಡುವೆ ನಿಂತು, ಬೆರಳುದ್ದದ ಹಕ್ಕಿಯ ಹಾಡನ್ನು ನನ್ನ ಒಡಕು ಗಂಟಲಲ್ಲಿ ಸೀ ಸೀ ಎಂದು ಎಳೆದೆ. ಯಾರೂ ನಗಲಿಲ್ಲ. ಎಲ್ಡನ್ ಕಣ್ಣು ಮುಚ್ಚಿಕೊಂಡು ಕೇಳಿದ.

ಬರ್ನಡೀನ್ ದುರ್ಬೀನು ಇಳಿಸಿದಳು. ಆಮೇಲೆ ಕಾರ್ಖಾನೆಯ ಆ ತುದಿಗೂ ಮುಟ್ಟುವ ತನ್ನ ಎಂದಿನ ದನಿಯಲ್ಲಿ ಗದರಿದಳು.

"ಕೊನೆ ತಪ್ಪಾಯ್ತು. ಅಲ್ಲಿಗೇ ನಿಲ್ಲಿಸಬಾರದು, ಇನ್ನೂ ಮೇಲೆ ಹೋಗ್ಬೇಕು. ಇನ್ನೊಂದ್ಸಲ ಹಾಡು."

ನಾನು ಇನ್ನೊಂದು ಸಲ ಹಾಡಿದೆ.