ಕೊರಳಿಗೆ ಕಟ್ಟಿದ ಕೋಳಿ

ಆ ಮಳೆಗಾಲ ಹಿಡಿದಾಗ ನಮ್ಮ ಹಿತ್ತಲಿನಲ್ಲಿ ಒಂಬತ್ತು ಕೋಳಿಗಳಿದ್ದವು. ಅಕ್ಕನ ಬಾಣಂತನಕ್ಕೆಂದು ಅವ್ವಿ ಮರಿಯಿಂದ ಸಾಕಿದ್ದವು. ಅಕ್ಕನಿಗೆ ಅದು ಮೂರನೆಯ ಬಸಿರು. ಮೊದಲಿನ ಎರಡು ಕೂಸುಗಳು ಉಳಿದಿರಲಿಲ್ಲ, ಅವಳ ಮೈಯಲ್ಲೂ ರಕ್ತವಿರಲಿಲ್ಲ. ಹೆತ್ತ ಮೇಲೆ ಕೋಳಿಸಾರು ಹೊಟ್ಟೆಗೆ ಬೀಳದಿದ್ದರೆ ಇವಳು ಏಳುವುದಿಲ್ಲ ಎಂದು ಅವ್ವಿ ಅವಳೆದುರಿಗೇ ಹೇಳುತ್ತಿದ್ದಳು. ಹೆದರಿಸುವುದರಲ್ಲಿ ನಮ್ಮವ್ವಿಗೆ ಸಾಟಿಯಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಕೇರಿ ಕುಮಟೆಯ ಹತ್ತಿರ, ಕಡಲಿಗೆ ಕೂಗಳತೆಯಲ್ಲಿತ್ತು. ಬೇಸಿಗೆಯಲ್ಲಿ ನಾಯಿಗಳು ಮೀನು ಒಣಗಿಸುವ ದಂಡೆ ಬಿಟ್ಟು ಬರುತ್ತಿರಲಿಲ್ಲ. ಮಳೆ ಹಿಡಿದು ದೋಣಿಗಳನ್ನು ಮೇಲಕ್ಕೆಳೆದರೆ ಮುಗಿಯಿತು, ಅಲ್ಲಿ ಮೀನಿನ ಮುಳ್ಳೂ ಸಿಗದೆ ಹಿಂಡುಹಿಂಡಾಗಿ ಹಿತ್ತಲುಗಳಿಗೆ ನುಗ್ಗುತ್ತಿದ್ದವು. ಬೇಲಿಗೆ ಮುಳ್ಳು ತುಂಬಿದೆವು, ಗೂಡಿನ ಬಾಗಿಲಿಗೆ ಕಲ್ಲು ಒತ್ತಿದೆವು. ಹಾಗಂತ ದಿನವಿಡೀ ಮುಚ್ಚಿಟ್ಟರೆ ಕೋಳಿ ಬದುಕೀತೇ? ಬಿಟ್ಟಾಗಲೆಲ್ಲ ಕೋಲು ಹಿಡಿದು ಕಾಯುವ ಕೆಲಸ ನನ್ನದು. ಹದಿನೇಳರ ಹುಡುಗಿಗೆ ಅದೊಂದು ಅವಮಾನ. ಆಷಾಢ ಮುಗಿಯುವುದರೊಳಗೆ ನಾಲ್ಕು ಹೋದವು.

ಐದನೆಯದನ್ನು ಹಿಡಿದದ್ದನ್ನು ಕಣ್ಣಾರೆ ಕಂಡೆ. ಪಕ್ಕದ ಮನೆಯವಳ ಕಂದು ನಾಯಿ. ಆ ಹೆಂಗಸು ಕೇರಿಯ ಸೂಲಗಿತ್ತಿ. ಅವಳು ಹೆರಿಗೆಗೆ ಹೋದ ಮನೆಗೆಲ್ಲ ನಾಯಿಯೂ ಹಿಂದೆ ಹೋಗಿ ಅಂಗಳದಲ್ಲಿ ಮಲಗಿರುತ್ತಿತ್ತು. ನಾನು ಕೋಲು ಬೀಸಿ ಬಿಡಿಸುವಷ್ಟರಲ್ಲಿ ಕೋಳಿ ಸತ್ತಿತ್ತು.

ಕೋಳಿಯ ರುಚಿ ಹತ್ತಿದ ನಾಯಿಗೆ ನಮ್ಮಲ್ಲೊಂದು ಮದ್ದಿತ್ತು. ಕೊಂದ ಕೋಳಿಯನ್ನೇ ಅದರ ಕೊರಳಿಗೆ ಕಟ್ಟುವುದು. ಕೊಳೆತು ತಾನಾಗಿ ಬೀಳುವವರೆಗೆ ಬಿಚ್ಚಬಾರದು. ಆಮೇಲೆ ಅದು ಜನ್ಮದಲ್ಲಿ ಕೋಳಿ ಮೂಸುವುದಿಲ್ಲ ಎನ್ನುತ್ತಿದ್ದರು. ಅವ್ವಿ ಹೋಗಿ ಹೇಳಿದಾಗ ನೆರೆಯವಳು ತಾನೇ ನಾಯಿಯನ್ನು ಹಿಡಿದು ತಂದಳು.

"ಕಟ್ಟು ತಂಗಿ. ತಪ್ಪು ಮಾಡಿದ್ದು ಹೌದು," ಎಂದಳು ನನಗೆ. "ಹೊಡೀಬೇಡ ಮಾತ್ರ."

ತೆಂಗಿನ ನಾರಿನ ಹಗ್ಗದಿಂದ ಕಟ್ಟಿದೆ. ಸಿಟ್ಟಿನಲ್ಲಿ ಎರಡು ಗಂಟು ಹೆಚ್ಚೇ ಹಾಕಿದೆ.

ಈ ಮದ್ದು ಕಂಡುಹಿಡಿದವರು ಬೇಸಿಗೆಯಲ್ಲಿ ಕಟ್ಟುತ್ತಿದ್ದರೋ ಏನೋ. ಹೊಟ್ಟೆಗಿಲ್ಲದ ಹತ್ತಾರು ನಾಯಿಗಳ ನಡುವೆ ಒಂದರ ಕೊರಳಿಗೆ ಮಾಂಸ ಕಟ್ಟಿ ಬಿಡುತ್ತಿದ್ದೇವೆಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮರುದಿನ ಮಧ್ಯಾಹ್ನ ಗದ್ದೆಯ ಅಂಚಿನ ಹಾಳಿಯ ಮೇಲೆ ಹಿಂಡು ಅದಕ್ಕೆ ಮುಗಿಬಿತ್ತು. ಕೋಲು ಹಿಡಿದು ಕೂಗುತ್ತ ಓಡಿದೆ. ಕೋಳಿ ಕಿತ್ತು ಬಂದಿದ್ದರೆ ನಾಯಿ ಉಳಿಯುತ್ತಿತ್ತು. ನನ್ನ ಗಂಟು ಬಿಚ್ಚಲಿಲ್ಲ. ಕೋಳಿಯ ಜೊತೆಗೆ ಕೊರಳೂ ಹರಿಯಿತು.

ನೆರೆಯವಳು ಗೋಣಿ ತಂದು ಅದನ್ನು ಸುತ್ತಿ ಒಯ್ದಳು. ಇನ್ನು ಅವಳು ಅಕ್ಕನ ಹೆರಿಗೆಗೆ ಬರುವುದಿಲ್ಲವೆಂದು ಅವ್ವಿ ಅನ್ನ ಬಿಟ್ಟಳು. ಸುತ್ತಮುತ್ತ ಬೇರೆ ಸೂಲಗಿತ್ತಿ ಇರಲಿಲ್ಲ.

ಹದಿನೈದು ದಿನಕ್ಕೆ ಅಕ್ಕನಿಗೆ ನೋವು ಶುರುವಾಯಿತು. ಕರೆಯಲು ನಾನೇ ಹೋಗಬೇಕಾಯಿತು. ಅವಳ ಬಾಗಿಲವರೆಗೆ ಹೋಗಿ ಹೊಸ್ತಿಲಾಚೆಯೇ ನಿಂತೆ.

"ಎಂತಕ್ಕೆ ನಿತ್ಕಂಡೆ? ನೀರು ಕಾಸೂಕೆ ಹೇಳು, ಬತ್ತೆ," ಎಂದಳು.

ಸಂಜೆಯ ಹೊತ್ತಿಗೆ ಗಂಡು ಕೂಸು ಅತ್ತಿತು. ಅಕ್ಕನೂ ಉಳಿದಳು. ಸೂಲಗಿತ್ತಿಗೆ ಅಕ್ಕಿ, ಕಾಯಿ, ಒಂದು ಕೋಳಿ ಕೊಡುವುದು ನಮ್ಮ ವಾಡಿಕೆ. ಉಳಿದ ನಾಲ್ಕರಲ್ಲಿ ದಪ್ಪನೆಯದನ್ನು ಹಿಡಿದು ಅವ್ವಿ ನನ್ನ ಕೈಯಲ್ಲಿ ಕೊಡಿಸಿದಳು. ನೆರೆಯವಳು ಅಕ್ಕಿ, ಕಾಯಿ ಸೆರಗಿಗೆ ಹಾಕಿಕೊಂಡಳು. ಕೋಳಿಗೆ ಕೈ ಚಾಚಲಿಲ್ಲ.

"ಬಾಣಂತಿಗೇ ಇರ್ಲಿ ತಂಗಿ," ಎಂದಳು. "ನಂಗೆ ಕೋಳಿ ಕಂಡ್ರೆ ಆಗೂದಿಲ್ಲ ಈಗ."

ಅಂಗಳ ದಾಟಿ ಒಬ್ಬಳೇ ಹೋದಳು. ತಪ್ಪಾಯಿತು ಎನ್ನಲು ನನ್ನಿಂದ ಆಗಲಿಲ್ಲ. ಅವಳು ಇನ್ನೂ ಎಂಟು ವರ್ಷ ಪಕ್ಕದ ಮನೆಯಲ್ಲೇ ಬದುಕಿದ್ದಳು. ಆಗಲೂ ಹೇಳಲಿಲ್ಲ.